ಅಮೃತಬಳ್ಳಿ ಕಷಾಯ, ಬಿಂಬುಳಿ ರಸ, ಜೊತೆಗೆ ಮಾತ್ರೆ: ಅತ್ತೆಗೆ ಹೇಗೆ ಹೇಳಲಿ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಅತ್ತೆಗೆ 68 ವರ್ಷ. ಹನ್ನೆರಡು ವರ್ಷದಿಂದ ಶುಗರ್ ಉಂಟು, ಬಿಪಿಯೂ ಉಂಟು. ಶುಗರಿಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷದಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಷಾಯ ಶುರು ಮಾಡಿದ್ದಾರೆ. ಅಮೃತಬಳ್ಳಿ, ಕಿರಾತಕಡ್ಡಿ, ತುಳಸಿ, ಕಾಳುಮೆಣಸು, ಕಹಿ ಕಡಿಮೆಯಾಗಲಿ ಅಂತ ಜ್ಯೇಷ್ಠಮಧು. ಭಾನುವಾರ ಕಾಲು ಕಿಲೋದಷ್ಟು ಒಣಮದ್ದನ್ನು ನಾಲ್ಕು ಲೀಟರ್ ನೀರಿಗೆ ಹಾಕಿ ಒಂದೂವರೆ ಲೀಟರಿಗೆ ಇಳಿಸುತ್ತಾರೆ. ಬಾಟಲಿಗೆ ತುಂಬಿಸಿ ಫ್ರಿಜ್‌ನಲ್ಲಿ ಇಡುತ್ತಾರೆ. ವಾರವಿಡೀ ದಿನಕ್ಕೊಂದು ದೊಡ್ಡ ಲೋಟ. ಕೊಲೆಸ್ಟ್ರಾಲಿಗೆ ಒಳ್ಳೆಯದೆಂದು ವಾಟ್ಸಾಪಿನಲ್ಲಿ ಬಂದದ್ದು ನೋಡಿ, ಎರಡು ತಿಂಗಳಿಂದ ಸಂಜೆ ಒಂದು ಲೋಟ ಬಿಂಬುಳಿ ರಸವನ್ನೂ ಕುಡಿಯುತ್ತಿದ್ದಾರೆ, ಅದೂ ತಾಮ್ರದ ಚೊಂಬಿನಲ್ಲಿಟ್ಟು. ಇತ್ತೀಚೆಗೆ ಬೆಳಿಗ್ಗೆ ಹೊತ್ತು ತಲೆ ತಿರುಗುತ್ತದೆ ಅನ್ನುತ್ತಾರೆ, ಕಾಲು ಸ್ವಲ್ಪ ಬಾತಿದೆ. ನಮ್ಮ ಯಜಮಾನರು "ಸೊಪ್ಪು ಬೇರು ಅಲ್ವಾ, ಅದರಲ್ಲಿ ಸೈಡ್ ಎಫೆಕ್ಟ್ ಎಂತದ್ದು?" ಅನ್ನುತ್ತಾರೆ. ಆಟಿ ಅಮಾವಾಸ್ಯೆ ಬೇರೆ ಹತ್ತಿರ ಬಂತು, ಅವತ್ತು ಕುಡಿಯುವ ಕಷಾಯಕ್ಕೆ ಪಕ್ಕದ ಮನೆಯವರು ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದು ಕೊಡುತ್ತಾರೆ. ಕಷಾಯ ಮಾಡುವ ಸರಿಯಾದ ಕ್ರಮ ಯಾವುದು? ಅತ್ತೆ ಮಾಡುತ್ತಿರುವುದು ಸರಿಯೇ? ನಿಲ್ಲಿಸಿ ಅಂತ ನಾನು ಹೇಳಿದರೆ ಮನೆಯಲ್ಲಿ ಮಾತಾಗುತ್ತದೆ.

ಉತ್ತರ: ಉಳಿದದ್ದು ಆಮೇಲೆ ಮಾತಾಡುವ. ಮೊದಲು ಬಿಂಬುಳಿ ರಸವನ್ನು ಇವತ್ತು ಸಂಜೆಯಿಂದಲೇ ನಿಲ್ಲಿಸಿ. ನಾಳೆ ಬೆಳಿಗ್ಗೆ ಹತ್ತಿರದ ಲ್ಯಾಬಿನಲ್ಲಿ ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಷಿಯಂ, ಲಿವರ್ ಪರೀಕ್ಷೆ, ಮೂತ್ರ ಪರೀಕ್ಷೆ ಮಾಡಿಸಿ, ವರದಿ ಹಿಡಿದುಕೊಂಡು ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ. ಮೂತ್ರ ಕಡಿಮೆಯಾಗಿದ್ದರೆ, ವಾಂತಿ ಬರುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಲ್ಯಾಬಿಗೂ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಹೆದರಿಸಲಿಕ್ಕೆ ಹೇಳುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕರಾವಳಿಯಲ್ಲಿ ಬಿಂಬುಳಿ ಮರ ಇಲ್ಲದ ಹಿತ್ತಲು ಕಡಿಮೆ. ಬುಡದಿಂದ ಕೊಂಬೆಯವರೆಗೆ ಗೊಂಚಲು ಗೊಂಚಲು ಕಾಯಿ. ಅರ್ಧ ಉಪ್ಪಿನಕಾಯಿಗೆ, ಅರ್ಧ ನೆಲಕ್ಕೆ ಬಿದ್ದು ಹಾಳು. ಹಾಗಾಗಿ ಯಾರೋ "ಇದರ ರಸ ಕೊಲೆಸ್ಟ್ರಾಲಿಗೆ ರಾಮಬಾಣ" ಎಂದರೆ ಮನಸ್ಸು ಕೂಡಲೇ ಒಪ್ಪುತ್ತದೆ. ಆದರೆ ಆ ಹುಳಿಯಲ್ಲಿ ಆಕ್ಸಲೇಟ್ ಎಂಬ ಅಂಶ ತುಂಬಾ ಜಾಸ್ತಿ. ಹಸಿ ರಸವನ್ನು ಲೋಟಗಟ್ಟಲೆ ಕುಡಿದರೆ ಅದು ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಕ್ಯಾಲ್ಸಿಯಂ ಜೊತೆ ಸೇರಿಕೊಂಡು ಸಣ್ಣ ಹರಳಾಗಿ ಕೂರುತ್ತದೆ. ಕಿಡ್ನಿಯ ನಾಳಗಳು ಕಟ್ಟಿಕೊಳ್ಳುತ್ತವೆ. ಕೇರಳದ ವೈದ್ಯರು 2013ರಲ್ಲಿ ಇಂಥ ಹತ್ತು ಜನರ ವಿವರ ಪ್ರಕಟಿಸಿದರು. ಎಲ್ಲರೂ ಬಿಂಬುಳಿ ರಸ ಕುಡಿದವರು, ಎಲ್ಲರಿಗೂ ಕಿಡ್ನಿ ಕೈಕೊಟ್ಟಿತ್ತು. ಅವರಲ್ಲಿ ಏಳು ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು. ನಿಮ್ಮ ಅತ್ತೆಗೆ ಹನ್ನೆರಡು ವರ್ಷದ ಶುಗರ್ ಬೇರೆ ಇದೆ. ಅಂಥವರ ಕಿಡ್ನಿ ಮೊದಲೇ ಸ್ವಲ್ಪ ದಣಿದಿರುತ್ತದೆ.

ತಾಮ್ರದ ಚೊಂಬಿನ ವಿಷಯವೂ ಇದಕ್ಕೇ ಸೇರಿದ್ದು. ತಾಮ್ರದಲ್ಲಿ ರಾತ್ರಿ ನೀರಿಟ್ಟು ಕುಡಿಯುವುದು ಬೇರೆ, ಹುಳಿ ಇಡುವುದು ಬೇರೆ. ಹುಳಿ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ನಮ್ಮ ಅಜ್ಜಿಯಂದಿರಿಗೆ ಇದು ಗೊತ್ತಿತ್ತು. ಅದಕ್ಕೇ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು, ಹುಳಿಯನ್ನು ಭರಣಿಯಲ್ಲಿ ಇಡುತ್ತಿದ್ದರು. ಕಲಾಯಿ ಹಾಕುವವರು ಹೋದರು, ತಾಮ್ರ ಮಾತ್ರ ಫ್ಯಾಷನ್ನಾಗಿ ವಾಪಸ್ ಬಂತು!

ಈಗ ತಲೆ ತಿರುಗುವುದು. ನಿಮ್ಮ ಪತ್ರ ಓದುವಾಗ ನನಗೆ ಮೊದಲು ಹೊಳೆದದ್ದು ಶುಗರ್ ಇಳಿದಿರಬಹುದು ಎಂದು. ಗ್ಲಿಮಿಪಿರೈಡ್ ಶುಗರನ್ನು ಬಲವಾಗಿಯೇ ಇಳಿಸುವ ಮಾತ್ರೆ. ಕಿರಾತಕಡ್ಡಿ, ಅಮೃತಬಳ್ಳಿಗೂ ಸ್ವಲ್ಪಮಟ್ಟಿಗೆ ಆ ಗುಣ ಇದೆ. ಕಷಾಯ ಕುಡಿದು ಅರ್ಧ ಗಂಟೆ, ಮುಕ್ಕಾಲು ಗಂಟೆ ಏನೂ ತಿನ್ನಬಾರದು ಎಂದು ಕೂರುತ್ತಾರಲ್ಲ, ಆ ಹೊತ್ತು ಅಪಾಯದ್ದು. ಇದರ ಮೇಲೆ ಬಿಂಬುಳಿಯಿಂದ ಕಿಡ್ನಿ ಸೋತಿದ್ದರೆ ಗ್ಲಿಮಿಪಿರೈಡ್ ಬೇಗ ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಉಳಿದು ಶುಗರನ್ನು ಇಳಿಸುತ್ತಲೇ ಇರುತ್ತದೆ. ಮೆಟ್‌ಫಾರ್ಮಿನ್ ಕೂಡ ಕಿಡ್ನಿ ಸರಿ ಇಲ್ಲದಿದ್ದರೆ ಶೇಖರವಾಗುತ್ತದೆ. ಸಂಜೆ ಕುಡಿದ ರಸಕ್ಕೂ ಬೆಳಗಿನ ತಲೆ ತಿರುಗುವಿಕೆಗೂ ಹೀಗೆ ಸಂಬಂಧ ಇರಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ತಲೆ ತಿರುಗಿದ ಆ ಕ್ಷಣದಲ್ಲೇ ನೋಡಿ. 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯನ್ನು ನೀವೇ ಕಡಿಮೆ ಮಾಡಲಿಕ್ಕೆ ಹೋಗಬೇಡಿ.

ಕಾಲು ಬಾತದ್ದಕ್ಕೆ ಮೂರು ಕಾರಣ ಸಾಧ್ಯ. ಒಂದು ಅಮ್ಲೋಡಿಪಿನ್. ಅದು ಎಷ್ಟೋ ಜನರಿಗೆ ಪಾದ ಬಾವು ತರುತ್ತದೆ, ಅಷ್ಟೇನೂ ಅಪಾಯ ಇಲ್ಲ. ಎರಡು ಕಿಡ್ನಿ. ಮೂರನೆಯದನ್ನು ಯಾರೂ ಅನುಮಾನಿಸುವುದಿಲ್ಲ. ಅದು ಜ್ಯೇಷ್ಠಮಧು.

ಜ್ಯೇಷ್ಠಮಧು ಒಳ್ಳೆಯ ಮದ್ದು. ಗಂಟಲು ಕೆರೆತಕ್ಕೆ, ಒಣಕೆಮ್ಮಿಗೆ ನಾನೇ ಕೊಡುತ್ತೇನೆ, ನಾಲ್ಕು ದಿನ, ಐದು ದಿನ. ಆದರೆ ಅದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಎಂಬ ಅಂಶ ದಿನಾ ಮೈಗೆ ಸೇರಿದರೆ ಉಪ್ಪು, ನೀರನ್ನು ಹಿಡಿದಿಡುತ್ತದೆ, ಪೊಟ್ಯಾಷಿಯಂ ಹೊರಗೆ ಹೋಗುತ್ತದೆ. ಬಿಪಿ ಏರುತ್ತದೆ, ಕಾಲು ಬಾಯುತ್ತದೆ, ಕೆಲವರಿಗೆ ಎದೆ ಬಡಿತ ತಪ್ಪುತ್ತದೆ. ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟದಿರುವುದು ಒಳ್ಳೆಯದು ಎಂದು ಯುರೋಪಿನ ಆಹಾರ ತಜ್ಞರು ಹೇಳಿದ್ದಾರೆ. ಲೆಕ್ಕ ಹಾಕಿ ನೋಡಿ. ಕಾಲು ಕಿಲೋ ಮದ್ದು ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 36 ಗ್ರಾಂ. ಅದರಲ್ಲಿ ಐದನೇ ಒಂದು ಪಾಲು ಜ್ಯೇಷ್ಠಮಧು ಎಂದರೂ ಏಳು ಗ್ರಾಂ ಬೇರು. ಅಷ್ಟರಲ್ಲಿ ಆ ಮಿತಿ ಸುಲಭವಾಗಿ ದಾಟುತ್ತದೆ, ಅದೂ ದಿನಾ, ಒಂದು ವರ್ಷ. ಬಿಪಿ ಇಳಿಸಲಿಕ್ಕೆ ಮಾತ್ರೆ, ಏರಿಸಲಿಕ್ಕೆ ಕಷಾಯ, ಎರಡೂ ಒಂದೇ ಬೆಳಿಗ್ಗೆ!

ಈಗ ನಿಮ್ಮ ಯಜಮಾನರ ಮಾತಿಗೆ ಬರುವ. "ಸೊಪ್ಪು ಬೇರು ಅಲ್ವಾ" ಎಂಬುದು ನನಗೆ ಹೊಸದಲ್ಲ. ಉಡುಪಿಯಲ್ಲಿ ಕೂತು ಇಪ್ಪತ್ತೆಂಟು ವರ್ಷದಿಂದ ಇದನ್ನೇ ಕೇಳುತ್ತಿದ್ದೇನೆ. ನಾನು ಆಯುರ್ವೇದ ವೈದ್ಯ, ಸೊಪ್ಪು ಬೇರಿನಿಂದಲೇ ನನ್ನ ಮನೆ ನಡೆಯುವುದು. ಅದರಿಂದ ಏನೂ ಆಗುವುದಿಲ್ಲ ಎಂದಾದರೆ ಗುಣವೂ ಆಗಬಾರದಲ್ಲ? ಆಡುಸೋಗೆಯಲ್ಲಿರುವ ವಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕೆಮ್ಮಿನ ಔಷಧ ತಯಾರಾಯಿತು. ಅದೇ ಆಡುಸೋಗೆ ಗರ್ಭಕೋಶವನ್ನು ಹಿಂಡುತ್ತದೆ ಎಂದು ಬಸುರಿಯರಿಗೆ ನಾವು ಕೊಡುವುದಿಲ್ಲ. ಕೆಲಸ ಮಾಡುವ ಗುಣವೂ ತೊಂದರೆ ಮಾಡುವ ಗುಣವೂ ಒಂದೇ ಎಲೆಯಲ್ಲಿ ಇರುತ್ತವೆ.

ಹಾಗೆಂದು "ಹಳ್ಳಿಮದ್ದೆಲ್ಲ ವಿಷ, ಬಿಸಾಡಿ" ಅನ್ನುವವರ ಮಾತೂ ನನಗೆ ಹಿಡಿಸುವುದಿಲ್ಲ. ನನ್ನ ಅನುಭವದಲ್ಲಿ ತೊಂದರೆ ಬರುವುದು ಮೂರು ಕಡೆಯಿಂದ. ಗಿಡ ಬೇರೆಯಾಗಿರುತ್ತದೆ, ಅಥವಾ ಮಾತ್ರೆಯ ಜೊತೆ ಜಗಳವಾಡುತ್ತದೆ, ಇಲ್ಲದಿದ್ದರೆ ದಿನಗಳ ಲೆಕ್ಕ ತಪ್ಪಿರುತ್ತದೆ. ಈ ಮೂರನೆಯದೇ ಈಗ ಜಾಸ್ತಿ. ನಮ್ಮ ಹಿರಿಯರ ಮದ್ದುಗಳನ್ನು ನೋಡಿ. ಪಾಲೆ ಕಷಾಯ ವರ್ಷಕ್ಕೆ ಒಂದೇ ದಿನ. ಕಿರಾತಕಡ್ಡಿ ಜ್ವರ ಬಂದಾಗ ಮೂರು ದಿನ. ಬಾಣಂತಿಗೆ ಲೇಹ್ಯ, ಅದೂ ನಲವತ್ತು ದಿನ. ಎಲ್ಲದಕ್ಕೂ ಒಂದು ಕೊನೆ ಇತ್ತು. ನಾವು ಅದನ್ನು ಕಾಫಿಯ ಹಾಗೆ ದಿನಾ ಕುಡಿಯಲಿಕ್ಕೆ ಶುರು ಮಾಡಿದ್ದು ಇತ್ತೀಚೆಗೆ, ಅದರಲ್ಲೂ 2020ರ ಕೊರೊನಾ ಕಾಲದಿಂದ.

ಅಮೃತಬಳ್ಳಿಯ ಗಲಾಟೆ ನಿಮಗೂ ನೆನಪಿರಬಹುದು. ಆ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ಊದಿಕೊಂಡದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಕುಲದ ಬೇರೆ ಬಳ್ಳಿ ಬೆರೆತಿರಬಹುದು ಎಂದಿತು. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಸಾಧ್ಯ. ಹಾಗಾಗಿ ತಿಂಗಳುಗಟ್ಟಲೆ ನಾನು ಯಾರಿಗೂ ಕೊಡುವುದಿಲ್ಲ. ಲಿವರ್ ತೊಂದರೆ ಇದ್ದವರಿಗೆ, ತಮ್ಮ ಮೈಯೇ ತಮ್ಮ ಮೇಲೆ ತಿರುಗಿ ಬೀಳುವ ರೀತಿಯ ಕಾಯಿಲೆ ಇದ್ದವರಿಗೆ ಕೊಡುವುದೇ ಇಲ್ಲ. ನಿಮ್ಮ ಹಿತ್ತಲಿನ ಬಳ್ಳಿಯನ್ನು ನೀವೇ ನೋಡಬಹುದು. ಎಲೆ ಹೃದಯದ ಆಕಾರ. ಬಲಿತ ಕಾಂಡದ ಮೇಲೆ ತೆಳ್ಳಗಿನ ಕಾಗದದಂಥ ಸಿಪ್ಪೆ, ಉಗುರಿನಲ್ಲಿ ಕೆರೆದರೆ ಏಳುತ್ತದೆ, ಒಳಗೆ ಹಸಿರು. ಅಡ್ಡ ಕತ್ತರಿಸಿದರೆ ಗಾಡಿ ಚಕ್ರದ ಕಡ್ಡಿಗಳ ಹಾಗೆ ಗೆರೆಗಳು. ಮರದ ಮೇಲಿಂದ ಸೆಣಬಿನ ದಾರದ ಹಾಗೆ ಬೇರು ಕೆಳಗೆ ಇಳಿದಿರುತ್ತದೆ. ಕಾಂಡದ ತುಂಬಾ ನರೂಲಿಯಂಥ ಗಂಟುಗಳು ದಟ್ಟವಾಗಿದ್ದರೆ ಅದು ಬೇರೆ ಜಾತಿ, ಮುಟ್ಟಬೇಡಿ.

ಮಾಡುವ ಕ್ರಮ ಕೇಳಿದಿರಿ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಕ್ಷಮಿಸಿ. ಆಯುರ್ವೇದದಲ್ಲಿ ಗಿಡದಿಂದ ಮದ್ದು ತೆಗೆಯುವ ಮೂಲ ವಿಧಾನ ಐದು. ಜಜ್ಜಿ ಹಿಂಡಿದರೆ ಸ್ವರಸ. ಅರೆದು ಮುದ್ದೆ ಮಾಡಿದರೆ ಕಲ್ಕ. ಕುದಿಸಿದರೆ ಕ್ವಾಥ, ನಾವು ಕಷಾಯ ಅನ್ನುವುದು ಇದನ್ನೇ. ತಣ್ಣೀರಲ್ಲಿ ರಾತ್ರಿ ನೆನೆಸಿಟ್ಟರೆ ಹಿಮ. ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಫಾಂಟ, ಅಂದರೆ ಚಹಾ ಮಾಡಿದ ಹಾಗೆ. ಯಾವುದನ್ನು ಹೇಗೆ ಮಾಡಬೇಕು ಎಂಬುದು ಆ ವಸ್ತುವಿನ ಮೇಲೆ ಹೋಗುತ್ತದೆ. ಗಟ್ಟಿ ಬೇರು, ತೊಗಟೆ, ಕಾಂಡ ಕುದಿಯಬೇಕು, ಇಲ್ಲದಿದ್ದರೆ ಒಳಗಿನದ್ದು ಹೊರಗೆ ಬಾರದು. ಪರಿಮಳ ಇರುವ ಎಲೆ ಕುದಿಯಬಾರದು. ತುಳಸಿಯ ಗುಣ ಇರುವುದೇ ಆ ಪರಿಮಳದ ಎಣ್ಣೆಯಲ್ಲಿ. ಎರಡು ಗಂಟೆ ಕುದಿಸಿದರೆ ಅಡುಗೆಮನೆ ಘಮಘಮ ಅನ್ನುತ್ತದೆ, ಮದ್ದೆಲ್ಲ ಗಾಳಿಗೆ ಹೋಯಿತು ಎಂದೇ ಅರ್ಥ. ಅತ್ತೆಯವರ ಬಾಟಲಿಯಲ್ಲಿ ತುಳಸಿಯ ಹೆಸರು ಮಾತ್ರ ಉಳಿದಿದೆ! ತುಳಸಿಯನ್ನು ಲೋಟಕ್ಕೆ ಹಾಕಿ ಬಿಸಿನೀರು ಹೊಯ್ದು ಐದು ನಿಮಿಷ ಮುಚ್ಚಿಡಿ, ಸಾಕು. ಕೊತ್ತಂಬರಿ, ಲಾವಂಚದಂಥ ತಂಪಿನವಕ್ಕೆ ಹಿಮ ಚೆಂದ. ಒಂದು ಭಾಗ ಜಜ್ಜಿದ ಕೊತ್ತಂಬರಿಗೆ ಆರು ಭಾಗ ನೀರು, ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಸೋಸಿ ಕುಡಿಯುವುದು. ಬೇಸಿಗೆಯಲ್ಲಿ ಉರಿಮೂತ್ರಕ್ಕೆ ನಾನು ಇದನ್ನೇ ಹೇಳುವುದು.

ಕಷಾಯಕ್ಕೆ ಶಾರ್ಙ್ಗಧರ ಸಂಹಿತೆಯಲ್ಲಿ ಲೆಕ್ಕ ಇದೆ. ಒಂದು ಪಲ, ಅಂದರೆ ಸುಮಾರು 48 ಗ್ರಾಂ ಜಜ್ಜಿದ ಮದ್ದು, ಅದಕ್ಕೆ ಹದಿನಾರು ಪಾಲು ನೀರು, ಮಣ್ಣಿನ ಪಾತ್ರೆ, ಸಣ್ಣ ಉರಿ, ಎಂಟರಲ್ಲೊಂದು ಪಾಲಿಗೆ ಇಳಿಸುವುದು. "ಹಾಗಾದರೆ ನಮ್ಮ ಅತ್ತೆಯ 36 ಗ್ರಾಂ ಕಡಿಮೆಯೇ ಆಯಿತಲ್ಲ?" ಎಂದು ನಿಮ್ಮ ಯಜಮಾನರು ಕೇಳಬಹುದು. ಕೇಳಲಿ. ಆ ಲೆಕ್ಕ ರೋಗಿಯನ್ನು ವೈದ್ಯ ನೋಡಿ, ನಾಡಿ ಹಿಡಿದು, ಇಷ್ಟು ದಿನ ಎಂದು ಹೇಳಿ ಕೊಟ್ಟದ್ದು. ಆ ರೋಗಿ ಆಗ ಗ್ಲಿಮಿಪಿರೈಡ್ ತಿನ್ನುತ್ತಿರಲಿಲ್ಲ. ಈಗ ನಾವು ಕೊಡುವುದು 10–12 ಗ್ರಾಂ, ಎರಡು ಚಮಚ ತರಿಪುಡಿ. ಒಂದು ಲೋಟದಷ್ಟು ನೀರು, ಕಾಲು ಲೋಟಕ್ಕೆ ಇಳಿಸಿದರೆ ಆಯಿತು.

ಪುಡಿ ತರಿತರಿಯಾಗಿರಲಿ, ರವೆಗಿಂತ ಸ್ವಲ್ಪ ದಪ್ಪ. ನಯಸ್ಸು ಪುಡಿ ಹಾಕಿದರೆ ತಳ ಹಿಡಿಯುತ್ತದೆ, ಸೋಸಲಿಕ್ಕೂ ಆಗುವುದಿಲ್ಲ. ಮಣ್ಣಿನ ಪಾತ್ರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ಟೀಲ್ ಸಾಕು. ತಾಮ್ರ, ಅಲ್ಯೂಮಿನಿಯಂ ಬೇಡ. ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಕುದಿಸಿ. ಕುಕ್ಕರಿನಲ್ಲಿ ಸೀಟಿ ಹೊಡೆಸುವವರೂ ಇದ್ದಾರೆ, ಅದರಲ್ಲಿ ನೀರು ಇಳಿಯುವುದಿಲ್ಲ, ಲೆಕ್ಕ ಸಿಗುವುದಿಲ್ಲ. ಬಟ್ಟೆಯಲ್ಲಿ ಸೋಸಿ, ಬೆಚ್ಚಗಿರುವಾಗ ಕುಡಿಯುವುದು. ಜೇನು ಹಾಕುವುದಾದರೆ ಆರಿದ ಮೇಲೆ. ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಯಾವ ಮದ್ದಿನ ಜೊತೆಗೂ ಬೇಡ, ಅದರಿಂದ ಬೊಟುಲಿಸಂ ಎಂಬ ಕೆಟ್ಟ ವಿಷಬಾಧೆ ಆಗಬಹುದು.

ಫ್ರಿಜ್ ಬಗ್ಗೆ. ಕಷಾಯ ಅಂದರೆ ಬೇಯಿಸಿದ ಸೊಪ್ಪಿನ ನೀರು. ಉಪ್ಪಿಲ್ಲ, ಸಕ್ಕರೆ ಇಲ್ಲ, ಎಣ್ಣೆ ಇಲ್ಲ. ಕೆಡಲಿಕ್ಕೆ ಇನ್ನೇನು ಬೇಕು? ಬೆಳಿಗ್ಗೆ ಮಾಡಿದ್ದು ಸಂಜೆಯೊಳಗೆ ಮುಗಿಯಬೇಕು. ಫ್ರಿಜ್‌ನಲ್ಲಿ ಒಂದು ದಿನ ಹೆಚ್ಚೆಂದರೆ. ಬುಧವಾರದ ಹೊತ್ತಿಗೆ ಬಾಟಲಿಯ ಕುತ್ತಿಗೆಯಲ್ಲಿ ತೆಳ್ಳಗೆ ಬಿಳಿ ಪೊರೆ ಕಾಣುತ್ತದಾ ನೋಡಿ. ಕಂಡರೆ ಅದು ಬೂಷ್ಟು. ಅಲುಗಾಡಿಸಿ ಕುಡಿದರೆ ಹೋಗುವುದಿಲ್ಲ. ಕಷಾಯ ಉಳಿಯುವುದಿಲ್ಲ ಎಂದು ಗೊತ್ತಿದ್ದೇ ಹಿಂದಿನವರು ಅರಿಷ್ಟ, ಆಸವ ಮಾಡಿದರು. ಬೆಲ್ಲ, ಧಾತಕಿ ಹೂ ಹಾಕಿ ಹುದುಗು ಬರಿಸಿದರೆ ಅದರಲ್ಲೇ ಸ್ವಲ್ಪ ಮದ್ಯಸಾರ ಹುಟ್ಟುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಶುಗರ್ ಇರುವವರು ಮಾತ್ರ ಅರಿಷ್ಟದ ಬಾಟಲಿಯಲ್ಲಿ ಬೆಲ್ಲ ಎಷ್ಟಿದೆ ಎಂದು ಕೇಳಿಯೇ ತೆಗೆದುಕೊಳ್ಳಬೇಕು. ಲೇಹ್ಯಕ್ಕೂ ಅಷ್ಟೇ.

ಮಾತ್ರೆಯ ಜೊತೆ ಜಗಳ ಎಂದೆನಲ್ಲ, ಅದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ವೃತ್ತಿಗೆ ಬಂದ ಹೊಸತು. ಥೈರಾಯ್ಡ್ ಇದ್ದ ಒಬ್ಬ ಹೆಂಗಸಿಗೆ ಮಂಡಿನೋವಿಗೆಂದು ಬೆಳಗಿನ ಕಷಾಯ ಬರೆದುಕೊಟ್ಟೆ. ಬೇರೆ ಮಾತ್ರೆ ಯಾವ ಹೊತ್ತಿಗೆ ತಿನ್ನುತ್ತೀರಿ ಎಂದು ಕೇಳಲೇ ಇಲ್ಲ. ಅವರು ಥೈರಾಯ್ಡ್ ಮಾತ್ರೆಯನ್ನು ಅದೇ ಕಷಾಯದಲ್ಲಿ ನುಂಗುತ್ತಿದ್ದರು, ಒಂದೇ ಸಲಕ್ಕೆ ಕೆಲಸ ಮುಗಿಯಲಿ ಎಂದು. ಮಾತ್ರೆ ಮೈಗೆ ಸರಿಯಾಗಿ ಸೇರಲೇ ಇಲ್ಲ. ಅವರ ಡಾಕ್ಟರು ಎರಡು ಸಲ ಡೋಸು ಏರಿಸಿದರು. ಕೊನೆಗೆ ಅವರ ಮಗಳು ಬಂದು ಹೇಳಿದಾಗ ಗೊತ್ತಾಯಿತು. ಥೈರಾಯ್ಡ್ ಮಾತ್ರೆ ಬರೀ ನೀರಿನಲ್ಲಿ, ಖಾಲಿ ಹೊಟ್ಟೆಗೆ, ಒಂದು ಗಂಟೆ ಏನೂ ಇಲ್ಲದೆ ಇರಬೇಕು. ಆವತ್ತಿನಿಂದ ನನ್ನ ಮೇಜಿನ ಮುಂದೆ ಕೂತವರಿಗೆ ನನ್ನ ಮೊದಲ ಪ್ರಶ್ನೆ: "ಮಾತ್ರೆಯ ಚೀಲ ತಂದಿದ್ದೀರಾ?" ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಬೆಳ್ಳುಳ್ಳಿ, ಶುಂಠಿ, ಅರಿಶಿನವನ್ನು ಅಡುಗೆಯಲ್ಲಿ ತಿನ್ನಲಿ, ತೊಂದರೆ ಇಲ್ಲ. ಮದ್ದಿನ ಪ್ರಮಾಣದಲ್ಲಿ ದಿನಾ ತಿನ್ನುವುದಾದರೆ ಮಾತ್ರ ಡಾಕ್ಟರಿಗೆ ಹೇಳದೆ ಬೇಡ.

ಆಟಿ ಅಮಾವಾಸ್ಯೆಯದ್ದು ಬೇರೆಯೇ ಕತೆ. ಅವತ್ತು ಎಲ್ಲ ಮದ್ದೂ ಪಾಲೆ ಮರಕ್ಕೆ ಬಂದು ಸೇರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಬೆಳಕು ಹರಿಯುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ಕೆತ್ತೆ ತೆಗೆಯುವುದು, ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಅರೆದು ರಸ ಹಿಂಡುವುದು, ಕಾಯಿಸಿದ ಬೊಳ್ಳುಕಲ್ಲನ್ನು, ಅಂದರೆ ಬಿಳಿಕಲ್ಲನ್ನು, ಅದರಲ್ಲಿ ಚುಂಯ್ ಎಂದು ಮುಳುಗಿಸುವುದು. ಕಷಾಯ ಎಂದು ಕರೆದರೂ ಇದು ನಿಜಕ್ಕೂ ಸ್ವರಸ, ಕುದಿಸುವುದೇ ಇಲ್ಲ. ನಾನೂ ಪ್ರತಿ ವರ್ಷ ಒಂದು ಗುಟುಕು ಕುಡಿಯುತ್ತೇನೆ, ಮುಖ ಹಿಂಡಿಕೊಂಡು. ಆಮೇಲಿನ ಮೆಂತೆ ಗಂಜಿಯ ಆಸೆಗೆ ಅಂತಲೂ ಹೇಳಬಹುದು.

ನನ್ನ ಹೆದರಿಕೆ ಪಾಲೆಯ ಬಗ್ಗೆ ಅಲ್ಲ, ಕತ್ತಲೆಯ ಬಗ್ಗೆ. ಮಳೆ, ಕತ್ತಲು, ಟಾರ್ಚು, ಮರ ತೋರಿಸಿದ ಅಜ್ಜ ಈಗ ಇಲ್ಲ. ಪಾಲೆ ಎಂದು ಕಾಸರಕದ ಕೆತ್ತೆ ತಂದರೆ ಮುಗಿಯಿತು. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷ. ಅರ್ಧ ಗಂಟೆಯೊಳಗೆ ಕತ್ತು, ಬೆನ್ನು ಸೆಟೆದುಕೊಳ್ಳುತ್ತದೆ, ಸಣ್ಣ ಸದ್ದಿಗೂ ಮೈ ಎಳೆಯುತ್ತದೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಪಾಲೆಯಲ್ಲಿ ಒಂದೇ ಗಂಟಿನ ಸುತ್ತ ನಾಲ್ಕರಿಂದ ಏಳು ಎಲೆ ಕೊಡೆಯ ಹಾಗೆ ಹರಡಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆ ಎದುರುಬದುರು ಎರಡೆರಡು, ಹೊಳಪು, ಬುಡದಿಂದಲೇ ಮೂರು ಅಥವಾ ಐದು ನರ ಎದ್ದು ಕಾಣುತ್ತವೆ, ಹಾಲು ಇಲ್ಲ, ಕಿತ್ತಳೆ ಬಣ್ಣದ ಉರುಟು ಹಣ್ಣು. ಹಾಲು ಬಂತು ಎಂದ ಮಾತ್ರಕ್ಕೆ ಪಾಲೆ ಎಂದೂ ನಂಬಬೇಡಿ. ಹೊಳೆ ಬದಿಯಲ್ಲಿ ಬೆಳೆಯುವ, ಹಾಲು ಸುರಿಯುವ ಒಂದು ಮರ ಹೃದಯವನ್ನೇ ನಿಲ್ಲಿಸಬಲ್ಲದು. ಎಲೆ, ಹಾಲು ಎರಡನ್ನೂ ನೋಡಿ. ಹಿಂದಿನ ದಿನ ಹಗಲು ಹೊತ್ತು ಮರ ಗೊತ್ತಿರುವವರನ್ನು ಕರೆದುಕೊಂಡು ಹೋಗಿ, ಕಾಂಡಕ್ಕೊಂದು ಬಳ್ಳಿ ಕಟ್ಟಿ ಬನ್ನಿ. ಪಕ್ಕದ ಮನೆಯವರಿಗೂ ಹಾಗೇ ಹೇಳಿ. ಪಾಲೆ ಹೇಗಿರುತ್ತದೆ ಎಂದು ಬಿಡುವಾಗಿ ನೋಡುವ ಆಸೆ ಇದ್ದರೆ, ಮಂಗಳೂರಿನ ಪಿಲಿಕುಳದಲ್ಲಿ ಮದ್ದಿನ ಗಿಡಗಳದ್ದೇ ತೋಟ ಇದೆ.

ಅತ್ತೆಯವರಿಗೆ ಈ ವರ್ಷ ಪಾಲೆ ಬೇಡ. ಕಿಡ್ನಿಯ ವರದಿ ಕೈಗೆ ಬಂದು, ಎಲ್ಲ ಸರಿ ಇದೆ ಎಂದು ಡಾಕ್ಟರು ಹೇಳಿದರೆ ಒಂದು ಚಮಚ ನಾಲಿಗೆಗೆ ತಾಗಿಸಲಿ, ಕ್ರಮ ತಪ್ಪಿಸಿದ ಹಾಗೆ ಆಗಬಾರದು ಎಂಬ ಸಮಾಧಾನಕ್ಕೆ. ಮೆಂತೆ ಗಂಜಿಯಲ್ಲಿ ಬೆಲ್ಲ ಕೈಬಿಟ್ಟು ಒಂದು ಸಣ್ಣ ಬಟ್ಟಲು ತಿನ್ನಬಹುದು.

ನಿಮ್ಮ ಮುಂದೆ ಮೂರು ದಾರಿ ಇವೆ. ಕಷಾಯವನ್ನು ಪೂರ್ತಿ ನಿಲ್ಲಿಸುವುದು ಒಂದು. ಇದರಲ್ಲಿ ಅಪಾಯ ಕಡಿಮೆ. ಆದರೆ ಒಂದು ವರ್ಷದಿಂದ ಕಹಿ ಮದ್ದು ಶುಗರನ್ನು ಸ್ವಲ್ಪ ಹಿಡಿದಿಟ್ಟಿದ್ದರೆ, ನಿಲ್ಲಿಸಿದಾಗ ಅದು ಏರಬಹುದು. ಹಾಗಾಗಿ ಎರಡು ವಾರ ಬೆಳಿಗ್ಗೆ, ಮಧ್ಯಾಹ್ನ ಊಟವಾಗಿ ಎರಡು ಗಂಟೆ ಬಿಟ್ಟು ಶುಗರ್ ನೋಡಿ ಬರೆದಿಡಿ. ಎರಡನೆಯದು, ಮದ್ದಿನ ಬದಲು ಅಡುಗೆ. ಒಂದೆಲಗದ ಚಟ್ನಿ (ನಮ್ಮ ತುಳುವಿನ ತಿಮರೆ ಚಟ್ನಿ), ದೊಡ್ಡಪತ್ರೆ ತಂಬುಳಿ, ಕೊತ್ತಂಬರಿ ಜೀರಿಗೆಯ ತೆಳು ಕಷಾಯ ಬೆಲ್ಲ ಇಲ್ಲದೆ. ಊಟದ ಪ್ರಮಾಣದಲ್ಲಿ ಇವು ಅತ್ತೆಗೆ ಸಾಕಷ್ಟು ಸುರಕ್ಷಿತ. ಪೊಟ್ಯಾಷಿಯಂ ಏರಿದೆ ಎಂದು ವರದಿ ಬಂದರೆ ಮಾತ್ರ ಸೊಪ್ಪನ್ನೂ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಮೂರನೆಯದು, ಅತ್ತೆಗೆ ಕಷಾಯ ಬೇಕೇ ಬೇಕು ಎಂದರೆ, ಒಬ್ಬ ಆಯುರ್ವೇದ ವೈದ್ಯರು ನೋಡಿ, ಯಾವ ಮದ್ದು, ಎಷ್ಟು, ಎಷ್ಟು ದಿನ ಎಂದು ಚೀಟಿಯಲ್ಲಿ ಬರೆದುಕೊಡಲಿ. ಆ ಚೀಟಿ ಶುಗರ್ ಡಾಕ್ಟರ ಕೈಗೂ ಹೋಗಲಿ. ಬಾಯಿಮಾತಿನ ಮದ್ದು ಬೇಡ. "ಶುಗರ್ ಬುಡಸಮೇತ ಗುಣ" ಎಂಬ ಜಾಹೀರಾತಿನ ಪುಡಿಯಂತೂ ಬೇಡವೇ ಬೇಡ. ಹಾಗೆ ಜಾಹೀರಾತು ಮಾಡುವುದೇ 1954ರ ಕಾನೂನಿನ ಪ್ರಕಾರ ತಪ್ಪು. ನನ್ನನ್ನು ಕೇಳಿದರೆ, ಮೊದಲ ಎರಡು ವಾರ ಒಂದನೆಯದು, ಆಮೇಲೆ ಎರಡನೆಯದು.

ಮಳೆಗಾಲ ಎಂದು ಇನ್ನೊಂದು ಮಾತು ಸೇರಿಸುತ್ತೇನೆ. ಗದ್ದೆಗೆ ಇಳಿಯುವವರಿಗೆ, ತೋಟದ ಕೆಸರಲ್ಲಿ ಓಡಾಡುವವರಿಗೆ ಜ್ವರ ಬಂದು ಮೀನಖಂಡ ನೋಯುತ್ತಿದ್ದರೆ, 'ಅರಸಿನ ಮುಂಡಿಗೆ' (ಕಾಮಾಲೆ) ಬಂತು ಎಂದು ನೆಲನೆಲ್ಲಿ ಅರೆದು ಕುಡಿಸುತ್ತಾ ದಿನ ಕಳೆಯಬೇಡಿ. ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ. ಅದಕ್ಕೆ ಬೇಗ ಆಂಟಿಬಯೋಟಿಕ್ ಬೇಕು, ಎರಡು ದಿನ ತಡವಾದರೂ ಕಷ್ಟ.

ಕೊನೆಗೆ ಅತ್ತೆಗೆ ಹೇಳುವುದು. ಕಷಾಯ ಅವರಿಗೆ ಬರೀ ಮದ್ದಲ್ಲ ಎಂದು ನನಗೆ ಅನಿಸುತ್ತದೆ. ಆ ವಯಸ್ಸಲ್ಲಿ ಮಾತ್ರೆಯ ಪಟ್ಟಿ ಬೇರೆಯವರು ಬರೆಯುತ್ತಾರೆ, ಊಟದ ಪಟ್ಟಿ ಬೇರೆಯವರು ಹೇಳುತ್ತಾರೆ. ಕಷಾಯ ಒಂದೇ ಅವರ ಕೈಯಲ್ಲಿರುವುದು. ಅದನ್ನು "ಬಿಸಾಡಿ" ಎಂದರೆ ಬೇಸರವಾಗುವುದು ಸಹಜ ಅಲ್ವಾ? "ಮದ್ದಿಗೆ ಎರಡು ವಾರ ರಜೆ ಕೊಡಬೇಕಂತೆ, ರಕ್ತ ಪರೀಕ್ಷೆ ಸರಿಯಾಗಿ ಬರಲಿಕ್ಕೆ" ಎಂದು ಹೇಳಿ. ಸುಳ್ಳೇನೂ ಅಲ್ಲ. ಮಾತು ಬಂದರೆ ನನ್ನ ಹೆಸರು ಹೇಳಿ, ಬೈಗುಳ ನನ್ನ ಪಾಲಿಗಿರಲಿ. ತಿಮರೆ ಚಟ್ನಿ ಮಾಡುವ ಕೆಲಸ ಅವರಿಗೇ ಬಿಡಿ.

ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆ ಒಂದು ಕಾಗದದಲ್ಲಿ ಕಷಾಯದ ಐದೂ ಹೆಸರು, ಬಿಂಬುಳಿ ಎಷ್ಟು ದಿನ ಕುಡಿದರು ಎಂದು ಬರೆದುಕೊಂಡು ಹೋಗಿ. ಡಾಕ್ಟರು ಕೇಳದಿದ್ದರೂ ನೀವೇ ತೋರಿಸಿ. ಫ್ರಿಜ್‌ನಲ್ಲಿ ಉಳಿದ ಬಾಟಲಿಯನ್ನು ತೆಂಗಿನ ಬುಡಕ್ಕೆ ಸುರಿಯಿರಿ. ಬಿಂಬುಳಿ ಮರ ಕಡಿಯಬೇಡಿ ಮತ್ತೆ, ಉಳಿದವರ ಉಪ್ಪಿನಕಾಯಿಗೆ ಬೇಕು.